ಮೂರನೇ ಕಂಬ

ಫುಟ್‌ಬಾಲಿನ ಗೋಲಿಗೆ ಎರಡು ಕಂಬ. ನಮ್ಮ ಸೋಪಿನ ಕಾರ್ಖಾನೆಯ ತಂಡಕ್ಕೆ ಮಾತ್ರ ಮೂರಿದ್ದವು. ಮೂರನೆಯದು ನನ್ನ ಗಂಡ. ಗೋಲ್‌ಕೀಪರ್ ಅನ್ನುವವನು ಚೆಂಡು ಬಂದ ಕಡೆ ಹಾರಿ ಬೀಳಬೇಕಂತೆ. ಇವರು ನಿಂತಲ್ಲೇ ನಿಂತು ಅದು ಒಳಗೆ ಹೋಗುವುದನ್ನು ನೋಡುತ್ತಿದ್ದರು, ನೆಂಟರನ್ನು ಬಸ್ಸು ಹತ್ತಿಸಿದ ಹಾಗೆ. ಅದಕ್ಕೇ ಜನ ‘ಮೂರನೇ ಕಂಬ’ ಅಂತ ಹೆಸರಿಟ್ಟರು. ಸೋಮಾರಿ ಅಂದವರೂ ಇದ್ದರು, ಪುಕ್ಕಲ ಅಂದವರೂ ಇದ್ದರು. ನಿಜ ಸಂಗತಿ ಬೇರೆ. ಬೀಳಕೂಡದು ಅಂತ ಅವರಿಗೆ ಆಜ್ಞೆಯಾಗಿತ್ತು. ಮೈದಾನದಲ್ಲಿ ಸಾಹುಕಾರರದು, ಮನೆಯಲ್ಲಿ ನನ್ನದು.

ತಂಡ ಕಟ್ಟಿದವರು ಹಿರಿ ಸಾಹುಕಾರರು. ಅವರಿಗೆ ಆಟದ ಹುಚ್ಚಿತ್ತು. ಅವರು ಹೋದ ಮೇಲೆ ಕಾರ್ಖಾನೆಯೂ ತಂಡವೂ ಮಗನ ಕೈಗೆ ಬಂದವು. ಮಗನಿಗೆ ಇದ್ದದ್ದು ಶರ್ಟಿನ ಹುಚ್ಚು. ಹಾಲಿನಂಥ ಬಿಳಿ ಶರ್ಟು, ಬೆನ್ನ ಮೇಲೆ ನೀಲಿ ಅಕ್ಷರದಲ್ಲಿ ಸೋಪಿನ ಹೆಸರು. ಒಂದು ದಿನ ಆಟ ಮುಗಿದಾಗ ಪ್ರೇಕ್ಷಕರಲ್ಲಿ ಯಾರೋ ಒಬ್ಬ, ಇವರ ಸೋಪಿನಿಂದ ಇವರ ಶರ್ಟೇ ಬಿಳಿಯಾಗಲ್ಲ, ನಮ್ಮ ಬಟ್ಟೆ ಏನಾಗುತ್ತೆ ಅಂದನಂತೆ. ಆ ಮಾತು ಸಾಹುಕಾರರ ಕಿವಿಗೆ ಬಿತ್ತು. ಅವನು ಸುಳ್ಳೇನೂ ಹೇಳಿರಲಿಲ್ಲ. ಆ ಸೋಪಿಗೆ ಪರಿಮಳ ಇತ್ತು, ನೊರೆ ಇತ್ತು, ಕೆಸರಿನ ಕಲೆ ತೆಗೆಯುವ ಗುಣ ಒಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸೋಪನ್ನು ಸರಿ ಮಾಡುತ್ತಿದ್ದರು. ಇವರು ಗೋಲ್‌ಕೀಪರನ್ನು ಸರಿ ಮಾಡಿದರು.

ಇನ್ನು ಮೇಲೆ ಯಾರೂ ನೆಲಕ್ಕೆ ಬೀಳಕೂಡದು ಅಂತ ಕಟ್ಟಪ್ಪಣೆ ಆಯಿತು. ಹಾಗಾದರೆ ಚೆಂಡನ್ನು ತಡೆಯುವುದು ಹೇಗೆ ಸ್ವಾಮಿ ಅಂತ ತರಬೇತಿದಾರರು ಕೇಳಿದರು. ಅದು ಅಷ್ಟು ದೂರ ಬರುವ ತನಕ ಮಿಕ್ಕವರು ಏನು ಮಾಡುತ್ತಿರುತ್ತಾರೆ ಅಂತ ಸಾಹುಕಾರರು ತಿರುಗಿ ಕೇಳಿದರು. ಮ್ಯಾನೇಜರು ಪಕ್ಕದಲ್ಲೇ ನಿಂತು ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜಾತಿ ಅವರದು. ತರಬೇತಿದಾರರು ಆ ತಿಂಗಳೇ ಬಿಟ್ಟು ಹೋದರು. ಆಮೇಲೆ ಬಂದವರೂ ನಿಲ್ಲಲಿಲ್ಲ. ಕೊನೆಗೆ ಆ ಕೆಲಸವನ್ನೂ ಮ್ಯಾನೇಜರಿಗೇ ಒಪ್ಪಿಸಿದರು. ಅವರ ತರಬೇತಿ ಅಂದರೆ ಆಟಕ್ಕೆ ಮುಂಚೆ ಎಲ್ಲರ ಕಾಲರು ಸರಿ ಮಾಡುವುದು. ಗೋಲಿಗೆ ಗತಿಯಿಲ್ಲದಿದ್ದರೂ ಇಸ್ತ್ರಿಗೆ ಕೊರತೆ ಇರಲಿಲ್ಲ.

ಸಾಹುಕಾರರನ್ನು ಆಡಿಕೊಳ್ಳುವುದು ಸುಲಭ. ಆದರೆ ಆ ಶರ್ಟುಗಳನ್ನು ಒಗೆಯುತ್ತಿದ್ದವಳು ನಾನು. ನಮ್ಮದು ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಹಿತ್ತಲಲ್ಲಿ ಒಗೆಯುವ ಕಲ್ಲು, ಅದರ ಮೇಲೆ ಅಡ್ಡಡ್ಡ ಕಟ್ಟಿದ ಹಗ್ಗ. ಹಗ್ಗದ ತುಂಬ ಹನ್ನೊಂದು ಬಿಳಿ ಶರ್ಟು ತೂಗಾಡುವಾಗ ಇಡೀ ತಂಡವನ್ನು ಸಾಕುತ್ತಿರುವವಳು ನಾನೇ ಅನ್ನಿಸುತ್ತಿತ್ತು. ಗಂಡ ಆಟ ಮುಗಿಸಿ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಮೊಣಕೈಯನ್ನು. ಅಲ್ಲಿ ಕಲೆ ಇಲ್ಲದಿದ್ದರೆ ಗೆದ್ದು ಬಂದವರಿಗೆ ಬಡಿಸಿದಷ್ಟು ಸಂತೋಷದಿಂದ ಊಟಕ್ಕೆ ಬಡಿಸುತ್ತಿದ್ದೆ. ಅವರು ಐದು ಗೋಲು ತಿಂದು ಬಂದಿರುತ್ತಿದ್ದರು. ಅದರ ಮೇಲೆ ನನ್ನ ಊಟ.

ಹೀಗೆ ಸೋತು ಸೋತು ತಂಡ ಲೀಗಿನ ಪಟ್ಟಿಯ ತಳಕ್ಕೆ ಬಂತು. ಆ ವರ್ಷದ ಕಡೆಯ ಆಟ ಬಟ್ಟೆ ಗಿರಣಿಯವರ ಮೇಲೆ. ಸಮ ಮಾಡಿಕೊಂಡರೂ ಸಾಕು, ಉಳಿದುಕೊಳ್ಳುತ್ತಾರೆ. ಸೋತರೆ ಕೆಳಗಿನ ದರ್ಜೆಗೆ. ಸಾಹುಕಾರರು ಎಲ್ಲರನ್ನೂ ನಿಲ್ಲಿಸಿಕೊಂಡು, ಕೆಳಗಿನ ದರ್ಜೆಯ ಆಟ ನೋಡಲು ನಾಲ್ಕು ಜನ ಬರುವುದಿಲ್ಲ, ಅಲ್ಲಿ ಬಿಳಿ ಶರ್ಟು ಯಾರಿಗೆ ತೋರಿಸಲಿ, ಸೋತರೆ ತಂಡವನ್ನೇ ಮುಚ್ಚುತ್ತೇನೆ ಅಂದರು. ಅಂದು ಹೊಸ ಶರ್ಟು ಹಂಚಿದರು. ಹಳೆಯದಕ್ಕಿಂತ ಬಿಳಿ.

ಆ ಸಂಜೆ ನನ್ನ ಗಂಡ ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತಿದ್ದರು. ಕಾರ್ಖಾನೆಯಲ್ಲಿ ಅವರ ಕೆಲಸ ಸೋಪಿಗೆ ಕಾಗದ ಸುತ್ತುವುದು.

“ತಂಡ ಹೋದರೆ ನಾನು ಯಾರು ಹೇಳು? ಬೆಳಗ್ಗೆಯಿಂದ ಸಂಜೆವರೆಗೂ ಸೋಪಿಗೆ ಕಾಗದ ಸುತ್ತೋನು, ಅಷ್ಟೆ. ಕಂಬ ಅಂತ ಬೈತಾರೆ, ಬೈಲಿ. ಬೈಯೋಕಾದ್ರೂ ನನ್ನ ಹೆಸರು ಹಿಡೀತಾರಲ್ಲ.”

ಮದುವೆಯಾದಾಗಿನಿಂದ ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರ ಏನು ಗೊತ್ತೇ?

“ಅದೆಲ್ಲ ಸರಿ, ಹಾಗಂತ ನಾಳೆ ಬಿದ್ದುಗಿದ್ದೀರಾ. ಹೊಸ ಶರ್ಟು.”

ಮರುದಿನ ಬೆಳಗ್ಗೆ ಮಳೆ ಬಂದು ನಿಂತಿತ್ತು. ಮೈದಾನ ಕಲಸಿದ ಹಿಟ್ಟಿನ ಹಾಗಾಗಿತ್ತು. ನಾನೂ ನಾದಿನಿಯೂ ಗೋಲಿನ ಪಕ್ಕದ ಹಲಗೆಯ ಮೇಲೆ ಕೂತೆವು. ನಾದಿನಿಯ ಬಾಯಿ ಚೂಪು. ಅಣ್ಣ ಇವತ್ತು ನಿಂತಲ್ಲೇ ಬೇರು ಬಿಡುತ್ತಾನೆ ನೋಡತ್ತಿಗೆ, ನೆಲ ಹದವಾಗಿದೆ ಅಂದಳು. ಆದರೆ ಅವತ್ತು ದೇವರು ದೊಡ್ಡವನು. ಗಿರಣಿಯವರು ಒದ್ದದ್ದೆಲ್ಲ ಹೊರಗೆ ಹೋಯಿತು, ಇಲ್ಲವೇ ನಿಜವಾದ ಕಂಬಕ್ಕೆ ಬಡಿಯಿತು. ಒಂದು ಇವರ ಎದೆಗೇ ಬಂದು ಬಡಿದು ವಾಪಸು ಹೋಯಿತು. ಅದನ್ನು ತಡೆದೆ ಅಂತ ಇವರು ಕಡೆಯ ತನಕ ಹೇಳಿಕೊಂಡರು. ಇನ್ನೇನು ಆಟ ಮುಗಿಯಬೇಕು, ಯಾರದೂ ಗೋಲಿಲ್ಲ, ಅಷ್ಟರಲ್ಲಿ ನಮ್ಮವನೊಬ್ಬ ಚೆಂಡನ್ನು ಕೈಯಲ್ಲಿ ಮುಟ್ಟಿಬಿಟ್ಟ. ಪೆನಾಲ್ಟಿ ಕೊಟ್ಟರು.

ಗಿರಣಿಯವನು ಚೆಂಡು ಇಟ್ಟುಕೊಂಡು ನಿಂತ. ಇವರ ಕೈ ತುಂಬ ಕೆಸರಾಗಿತ್ತು. ಒರೆಸಿಕೊಳ್ಳಬೇಕು. ಎರಡೂ ಕೈಯನ್ನು ಶರ್ಟಿನ ಹತ್ತಿರ ತಂದರು, ಏನೋ ನೆನಪಾದವರ ಹಾಗೆ ನಿಲ್ಲಿಸಿದರು, ಆಮೇಲೆ ಗಾಳಿಯಲ್ಲಿ ಕೊಡವಿಕೊಂಡರು. ಕೊಡವಿದಾಗ ಒಂದು ಹನಿ ಎದೆಯ ಮೇಲೆ ಬಿತ್ತು. ಬಿದ್ದದ್ದೇ ನನ್ನ ಕಡೆ ನೋಡಿದರು.

ಆ ನೋಟಕ್ಕೆ ಕೂತಿರಲಾಗಲಿಲ್ಲ. ಎದ್ದು ನಿಂತೆ.

“ರೀ, ಬೀಳ್ರೀ! ನಾನು ಒಗೀತೀನಿ!”

ಹಗ್ಗದ ಮೇಲಿನ ಕಾಗೆ ಓಡಿಸಿ ಓಡಿಸಿ ಪಳಗಿದ ಗಂಟಲು. ಇಡೀ ಮೈದಾನ ತಿರುಗಿ ನೋಡಿತು. ಸಾಹುಕಾರರೂ ನೋಡಿದರು. ನನ್ನ ಗಂಡ ಮಾತ್ರ ಒಳ್ಳೆಯ ಶಿಷ್ಯನ ಹಾಗೆ ಕೇಳಿದರು.

“ಯಾವ ಕಡೆ ಬೀಳ್ಲಿ?”

ನನಗೇನು ಗೊತ್ತು? ಎಡಗೈಯಲ್ಲಿ ಕೊಡೆ ಇತ್ತು. ಖಾಲಿ ಇದ್ದದ್ದು ಬಲಗೈ. ಬಲಗಡೆ ತೋರಿಸಿದೆ.

ಬಿದ್ದರು. ಏನು ಚೆಂದ ಬಿದ್ದರು ಅಂತೀರಿ! ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಬಿದ್ದರು. ಆದರೆ ನನ್ನ ಮಾತು ಒದೆಯುವವನ ಕಿವಿಗೂ ಬಿದ್ದಿತ್ತಲ್ಲ. ಅವನು ಅವಸರ ಮಾಡಲಿಲ್ಲ. ಇವರು ಹಾರಿದ ಮೇಲೆ ಚೆಂಡನ್ನು ನಡುಮಧ್ಯಕ್ಕೆ ಮೆಲ್ಲಗೆ ತಳ್ಳಿದ. ಇಷ್ಟು ವರ್ಷ ಇವರು ಕಂಬದ ಹಾಗೆ ನಿಂತಿದ್ದ ಜಾಗಕ್ಕೇ. ಅವತ್ತೊಂದು ದಿನ ಸುಮ್ಮನೆ ನಿಂತಿದ್ದರೆ ಚೆಂಡು ತಾನಾಗಿ ಬಂದು ಹೊಟ್ಟೆಗೆ ಬಡಿಯುತ್ತಿತ್ತು.

“ಅತ್ತಿಗೆ,” ಅಂದಳು ನಾದಿನಿ, “ಮನೆಯಲ್ಲಿ ಕೂತು ಸಾಹುಕಾರರಿಗೆ ಕೊಟ್ಟ ಬೈಗುಳದಲ್ಲಿ ಅರ್ಧ ವಾಪಸು ತಗೋ.”

ಆಟ ಮುಗಿದ ಮೇಲೆ ಸಾಹುಕಾರರು ಇಳಿದು ಬಂದರು. ತಂಡ ಮುಳುಗಿತ್ತು. ಅವರು ಅದರ ಮಾತೇ ಎತ್ತಲಿಲ್ಲ. ಶರ್ಟನ್ನು ಮೇಲಿಂದ ಕೆಳಗೆ ನೋಡಿ, “ಏನಮ್ಮಾ, ಇದು ಬಿಳಿ ಆಗುತ್ತಾ?” ಅಂತ ನನ್ನನ್ನು ಕೇಳಿದರು. ನಿಮ್ಮ ಸೋಪಿನಲ್ಲಿ ಆಗಲ್ಲ ಅನ್ನುವ ಧೈರ್ಯ ನನಗಿದ್ದಿದ್ದರೆ ಈ ಕಥೆಗೆ ಒಂದು ಗತ್ತು ಬರುತ್ತಿತ್ತು. ಆಗುತ್ತೆ ಸ್ವಾಮಿ ಅಂದೆ. ನನ್ನ ಗಂಡ ಕೆಸರಿನಲ್ಲಿ ನಿಂತು ನಗಲು ಶುರು ಮಾಡಿದರು. ನಗುತ್ತಲೇ ಎರಡೂ ಕೈಯನ್ನು ಸಾವಕಾಶವಾಗಿ ಶರ್ಟಿಗೇ ಒರೆಸಿಕೊಂಡರು.

ತಂಡ ಮುಚ್ಚಿತು. ಮೈದಾನದಲ್ಲಿ ಕಾರ್ಖಾನೆಯ ಮರದ ಪೆಟ್ಟಿಗೆಗಳನ್ನು ಒಟ್ಟಿದರು. ಕೆಲಸ ಮುಗಿಸಿ ಇವರು ಆ ಪೆಟ್ಟಿಗೆಗಳ ನಡುವೆ ಒಂದು ಸುತ್ತು ಹಾಕಿಕೊಂಡು ಬರುತ್ತಿದ್ದರು. ನಾನು ಏನೂ ಕೇಳುತ್ತಿರಲಿಲ್ಲ, ಬಾಯಿ ಬಿಟ್ಟು ಒಂದು ಸಲ ಸಾಕಾಗಿತ್ತು. ಹೀಗಿರುವಾಗ ಬಸ್ ಡಿಪೋದವರು ಮನೆಗೇ ಬಂದು ಕರೆದರು. ಅವರ ಗೋಲ್‌ಕೀಪರನ ಕಾಲು ಮುರಿದಿತ್ತು. ನಿಮ್ಮವರು ಆವತ್ತು ಬಿದ್ದದ್ದನ್ನು ನೋಡಿದ್ದೇವೆ, ಹಾಗೆ ಬೀಳುವವರು ಸಿಗುವುದಿಲ್ಲ ಅಂದರು. ಡಿಪೋದವರ ಶರ್ಟು ಕಂದು ಬಣ್ಣದ್ದು. ಇವರು ಚೆಂಡು ಬಂದ ಕಡೆ ಬಿದ್ದರು, ಬಾರದ ಕಡೆಯೂ ಬಿದ್ದರು. ಮೂರರಲ್ಲಿ ಒಂದು ಹಿಡಿದಿರಬಹುದು. ನಾನು ಒಗೆದೆ, ಬೇರೆ ಕಂಪನಿಯ ಸೋಪಿನಲ್ಲಿ. ಅದರ ಕಾಗದವನ್ನು ಯಾರಿಗೂ ಕಾಣದ ಹಾಗೆ ಒಲೆಗೆ ಹಾಕುತ್ತಿದ್ದೆ.

ಅಂದಿನಿಂದ ನಾನು ಏನು ಬುದ್ಧಿವಾದ ಹೇಳಿದರೂ ಇವರದು ಒಂದೇ ಪ್ರಶ್ನೆ. ಮಗಳಿಗೆ ಈ ಗಂಡು ಬೇಡ ಅಂದರೂ ಅದೇ, ಗೋಡೆಗೆ ಹಸಿರು ಬಣ್ಣ ಬಳಿಸೋಣ ಅಂದರೂ ಅದೇ: “ಯಾವ ಕಡೆ ಬೀಳ್ಲಿ?” ಮಕ್ಕಳು ಕಲಿತರು, ಅಳಿಯನೂ ಕಲಿತ. ನನ್ನ ಮಾತಿಗೆ ಮನೆಯಲ್ಲಿ ಇದ್ದ ಬೆಲೆ ಅಷ್ಟು.

ಕಡೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದರು. ನರ್ಸು ಹಾಸಿಗೆಯ ಬಟ್ಟೆ ಬದಲಿಸಲು ಬಂದು, ಅಜ್ಜ, ಸ್ವಲ್ಪ ಹೊರಳಿ ಅಂದಳು. ಇವರು ಕಣ್ಣು ಬಿಟ್ಟು ನನ್ನನ್ನು ಹುಡುಕಿದರು. ಉಸಿರು ಇದ್ದದ್ದೇ ಕಡಿಮೆ. ಅದನ್ನೂ ಖರ್ಚು ಮಾಡಿ ಕೇಳಿದರು.

“ಯಾವ ಕಡೆ ಬೀಳ್ಲಿ?”

“ಯಾವ ಕಡೆಯೂ ಬೇಡ ಕಣ್ರೀ,” ಅಂದೆ. “ಈ ಸಲ ಇದ್ದಲ್ಲೇ ಇರಿ.”

ಆ ಮಾತೊಂದನ್ನು ಅವರು ಕೇಳಲಿಲ್ಲ.