ಹಸಿರು ಲೋಳೆ

ಮ್ಯಾವಿಸ್ ಓಲ್ಡ್‌ರಾಯ್ಡ್ ಮೂವತ್ತು ವರ್ಷ ಬಾರ್ನ್‌ಸ್ಲಿಯ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡಿದವಳು. ಹೇಸಿಗೆ ಎಂಬುದೇ ಅವಳಿಗೆ ಗೊತ್ತಿಲ್ಲವೆಂದು ನಮ್ಮ ಬೀದಿಯವರೆಲ್ಲ ನಂಬಿದ್ದೆವು. ಮೊಲದ ಬೇಟೆಗೆ ಬಿಲದೊಳಗೆ ನುಗ್ಗಿಸಲೆಂದು ನಮ್ಮೂರಿನ ಗಣಿ ಕೆಲಸಗಾರರು ಫೆರೆಟ್ ಸಾಕುತ್ತಿದ್ದರು, ಮುಂಗುಸಿಯಂಥ ಪ್ರಾಣಿ. ಯಾರಿಗೂ ಬೇಡವಾದ ಎಂಟು ಫೆರೆಟ್‌ಗಳು ಮ್ಯಾವಿಸಳ ಹಿತ್ತಿಲ ಶೆಡ್ಡಿನಲ್ಲಿದ್ದವು. ಅವುಗಳ ನಾತಕ್ಕೆ ನಾನು ಬೇಲಿಯಾಚೆ ನಿಂತೇ ಅವಳ ಜೊತೆ ಮಾತಾಡುತ್ತಿದ್ದೆ.

ಜುಲೈ ತಿಂಗಳ ಫೆರೆಟ್ ಪ್ರದರ್ಶನದಲ್ಲಿ ಫೆರೆಟ್ ಸಾಕುವವರ ಸಂಘದ ಕಾರ್ಯದರ್ಶಿ ಕ್ಲಿಫರ್ಡ್ ಅವಳಿಗೊಂದು ಮರಿ ಕೊಟ್ಟ. ಮೂರನೇ ದಿನ ಅವಳು ಕೂಗಿದಳು.

"ವಿನ್ನಿ, ಸ್ವಲ್ಪ ಬಾರೇ. ಮೂಗು ಮುಚ್ಕೊಂಡು ಬಾ."

ಶೆಡ್ಡಿನಲ್ಲಿ ಹಾಸಿದ್ದ ಹುಲ್ಲಿನ ತುಂಬ ಹಸಿರು ಲೋಳೆ. ಕೊಳೆತ ಪಾಚಿಯಂತೆ, ಕೋಲಿನಿಂದ ಎತ್ತಿದರೆ ನೂಲು ನೂಲಾಗಿ ಬರುವಂಥದ್ದು. ಮುದಿ ಹೆಣ್ಣು ಫೆರೆಟ್ ಡಚೆಸ್ ಅದರಲ್ಲೇ ಬಿದ್ದು ಬಾಯಿ ಕೆರೆದುಕೊಳ್ಳುತ್ತಿತ್ತು. ನಾನು ಹೊರಗೋಡಿ ವಾಂತಿ ಮಾಡಿಕೊಂಡೆ. ಮ್ಯಾವಿಸ್ ಬರಿಗೈಯಲ್ಲೇ ಡಚೆಸನ್ನೆತ್ತಿ ಒರೆಸಿದಳು.

ಪಶುವೈದ್ಯರು ಲೋಳೆಯನ್ನು ಪರೀಕ್ಷೆಗೆ ಕಳಿಸಿದರು. "ನಾನೂ ಇದನ್ನ ಓದಿದ್ದಷ್ಟೇ, ನೋಡಿರ್ಲಿಲ್ಲ. ಕರುಳಿಗೆ ಬೀಳೋ ವೈರಸ್ಸು. ಮರಿಗಳಿಗೆ ಎರಡು ದಿನ ಭೇದಿಯಾಗಿ ನಿಂತ್ಹೋಗುತ್ತೆ, ಆದ್ರೆ ತಿಂಗಳುಗಟ್ಲೆ ಹರಡ್ತಾ ಇರ್ತವೆ. ಮುದಿಯವನ್ನ ಮಾತ್ರ ಹಿಂಡಿಬಿಡುತ್ತೆ. ಹೊಸ ಮರಿ ಏನಾದ್ರೂ ತಂದ್ರಾ?"

ಮ್ಯಾವಿಸ್ ನೇರ ಕ್ಲಿಫರ್ಡನ ಮನೆಗೆ ನಡೆದಳು, ಹಿಂದೆಯೇ ನಾನು. ಅವನು ಹಂದಿಮಾಂಸದ ಪೈ ತಿನ್ನುತ್ತಿದ್ದ.

"ಆ ಮರಿಗೆ ಭೇದಿ ಆಗಿತ್ತೇನಯ್ಯ?"

"ಸ್ವಲ್ಪ ಹಸಿರಾಗಿ ಹೋಗಿತ್ತು, ಅಷ್ಟೇ." ಗಲ್ಲಕ್ಕಿಳಿದ ಜಿಡ್ಡನ್ನು ಒರೆಸಿಕೊಂಡ. "ಹೇಳಿದ್ರೆ ಪ್ರದರ್ಶನಾನೇ ನಿಲ್ಲಿಸ್ಬೇಕಾಗ್ತಿತ್ತಲ್ಲಮ್ಮ. ಈ ಸಲ ಕಪ್ ನಂದೇ ಅಂತಿದ್ರು ಎಲ್ರೂ."

ಅವಳು ಅವನನ್ನೇ ನೋಡಿದಳು. "ಅವತ್ತು ನಿನ್ನ ಕೈ ಕುಲುಕಿದ್ದೆ. ಥೂ."

ದಾರಿಯುದ್ದಕ್ಕೂ ಲಂಗಕ್ಕೆ ಅಂಗೈ ಉಜ್ಜುತ್ತಲೇ ಇದ್ದಳು.

ಡಚೆಸ್ ಸತ್ತಿತು, ಆಮೇಲೆ ಇನ್ನೆರಡು. ಉಳಿದವಕ್ಕೆ ಅರೆದ ಕೋಳಿಮಾಂಸವನ್ನು ಸಿರಿಂಜಿನಲ್ಲಿ ಕುಡಿಸಿ ಬದುಕಿಸಿದಳು. ಮರಿಯನ್ನು ಬೇರೆಯಾಗಿ ಸ್ನಾನದ ಕೋಣೆಯಲ್ಲಿಟ್ಟಳು. ಅದನ್ನು ವಾಪಸು ಕೊಡುವ ಮಾತೇ ಎತ್ತಲಿಲ್ಲ. ಪ್ರದರ್ಶನಕ್ಕೆ ಬಂದವರಿಗೆಲ್ಲ ಫೋನ್ ಮಾಡಿದಳು. ಕೆಲವರು ಬೈದು ಇಟ್ಟರು. ವೇಕ್‌ಫೀಲ್ಡಿನ ಹೆಂಗಸೊಬ್ಬಳು ಅತ್ತಳು. ಅವಳ ಹನ್ನೊಂದರಲ್ಲಿ ಆರು ಹೋಗಿದ್ದವು.

ಮರುವರ್ಷ ಸಂಘ ಹೊಸ ನಿಯಮ ತಂದಿತು: ಭೇದಿಯಾದ ಮನೆಯ ಫೆರೆಟ್‌ಗೆ ಆರು ತಿಂಗಳು ಪ್ರದರ್ಶನವಿಲ್ಲ. ಅದನ್ನು ಸಭೆಯಲ್ಲಿ ಗಂಭೀರವಾಗಿ ಓದಿದವನು ಕ್ಲಿಫರ್ಡನೇ. ಜನ ಚಪ್ಪಾಳೆ ತಟ್ಟಿದರು. ಮ್ಯಾವಿಸ್ ಬಂದಿರಲಿಲ್ಲ. ನಾನು ಮಾತ್ರ ಎದ್ದು ಹೊರಗೆ ಬಂದೆ. ನೇರ ಮ್ಯಾವಿಸಳ ಶೆಡ್ಡಿಗೆ ನಡೆದೆ, ಮೂಗು ಮುಚ್ಚಿಕೊಳ್ಳದೆ.