ಬಿರಿಯಾನಿ ಹಂಡೆಯ ಸ್ನಾನ

“ನೀರ್ ಬಂತ್ರೀ!” ಎಂದು ಓಣಿಯಲ್ಲಿ ಯಾರೋ ಕೂಗಿದಾಗ ನಮ್ಮ ಬಚ್ಚಲಿನ ನೀರಿನ ತೊಟ್ಟಿ ಒಡೆದ ಕಲ್ಲುಗಳ ರಾಶಿಯಾಗಿ ಅಂಗಳದಲ್ಲಿ ಬಿದ್ದಿತ್ತು. ಗೌಂಡಿಯ ಕೂಲಿ ಉಳಿಸಲು ನಮ್ಮ ಯಜಮಾನರೇ ಸುತ್ತಿಗೆ ಹಿಡಿದು ಅದನ್ನು ಒಡೆದಿದ್ದರು. ಆ ಜಾಗದಲ್ಲಿ ನೀಲಿ ಟೈಲ್ಸ್ ಬರಬೇಕಂತೆ, ಮೇಲೊಂದು ಶವರ್ ಬೇರೆ! ಹುಬ್ಬಳ್ಳಿಯಲ್ಲಿ ಆಗ ನಳದ ನೀರು ಬರುತ್ತಿದ್ದದ್ದೇ ವಾರಕ್ಕೊಮ್ಮೆ.

“ನಾಳೆ ಬರ್ತದ ಅಂದಿದ್ರಲ್ಲ?” ಎಂದೆ.

“ಅವ್ರು ಒಂದ್ ದಿನ ಮೊದ್ಲ ಬಿಟ್ರ ನಾ ಏನ್ ಮಾಡ್ಲಿ?” ಎಂದರು, ಮುಖದ ತುಂಬ ಸಿಮೆಂಟ್ ಮೆತ್ತಿಕೊಂಡು.

ಮನೆಯಲ್ಲಿದ್ದ ಕೊಡಗಳು ತುಂಬಿ, ನೀರು ಗಟಾರಕ್ಕೆ ಹರಿಯತೊಡಗಿತ್ತು. ನಾನು ಬೈಯಲು ಶುರುಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಜುಬೇದಾ, ಮದುವೆಗಳಿಗೆ ಅಡುಗೆ ಮಾಡುವ ತಮ್ಮ ಗಂಡನ ಎರಡು ದೊಡ್ಡ ಬಿರಿಯಾನಿ ಹಂಡೆಗಳನ್ನು ಉರುಳಿಸಿಕೊಂಡೇ ಬಂದರು.

“ಮೊದ್ಲ ತುಂಬ್ಕೋರಿ ಅಕ್ಕಾರ, ಆಮ್ಯಾಲೆ ಬೈರಿ!”

ಆ ವಾರವಿಡೀ ನಾವು ಲವಂಗದ ವಾಸನೆಯ ನೀರಲ್ಲಿ ಮಿಂದೆವು. ಬೆಳ್ಳುಳ್ಳಿಯನ್ನೂ ಮುಟ್ಟದ ನಮ್ಮ ಅತ್ತೆ ಕೂಡ ಅದೇ ನೀರನ್ನು ತಲೆಗೆ ಹೊಯ್ದುಕೊಂಡರು. ಹಂಡೆಗಳನ್ನು ತಿಕ್ಕಿ ತೊಳೆದು ಹಿಂದಿರುಗಿಸಲು ಹೋದಾಗಲೇ ನನಗೆ ಗೊತ್ತಾದದ್ದು: ಆ ವಾರದ ಮದುವೆಯೊಂದಕ್ಕೆ ಅವರು ಬೇರೆ ಹಂಡೆಗಳನ್ನು ಬಾಡಿಗೆಗೆ ತಂದಿದ್ದರು.

ಆ ನೀಲಿ ಟೈಲ್ಸ್ ಉದುರಿ ಎಷ್ಟೋ ಕಾಲವಾಯಿತು. ಶವರ್ ಮೇಲೆ ಟವೆಲ್ ಒಣಗುತ್ತದೆ. ಇವರು ಈಗಲೂ ಸುತ್ತಿಗೆ ಹುಡುಕತೊಡಗಿದರೆ ನಾನು ಮೊದಲು ಮನೆಯ ಕೊಡಗಳನ್ನೆಲ್ಲ ತುಂಬಿಸಿಡುತ್ತೇನೆ. ಆಮೇಲೆ ಬೈಯುತ್ತೇನೆ.