ಮೀನಿನ ಕಿವಿಯ ಕಲ್ಲು

ಕಡಲ ದಂಡೆಯ ವಿಶ್ವವಿದ್ಯಾಲಯದಲ್ಲಿ ಕಡಲಜೀವಶಾಸ್ತ್ರ ಓದತೊಡಗಿದ ಆ ವರ್ಷ, ನನ್ನ ಕೈಯಲ್ಲಿ ಒಡೆಯದ ಕಿವಿಕಲ್ಲು ಒಂದೂ ಇರಲಿಲ್ಲ. ಮೀನಿನ ತಲೆಯೊಳಗೆ, ಮೆದುಳಿನ ಎರಡೂ ಬದಿಗೆ ಅಕ್ಕಿನುಚ್ಚಿನಂಥ ಬಿಳಿ ಕಲ್ಲುಗಳಿರುತ್ತವೆ. ಅವುಗಳ ಗೆರೆಗಳಿಂದ ಮೀನಿನ ವಯಸ್ಸು ತಿಳಿಯುತ್ತದೆ. ನನ್ನ ಚಿಮುಟ ತಾಗಿದೊಡನೆ ಪುಡಿ. ಕಲ್ಲಿನೂರಿನವಳಿಗೆ ಕಲ್ಲೇ ದಕ್ಕುವುದಿಲ್ಲವೆಂದು ಜೊತೆಯವರು ನಗುತ್ತಿದ್ದರು. ರಜೆ ಮುಗಿದೊಡನೆ ಪರೀಕ್ಷೆ. ಜೋಡಿ ಕಲ್ಲು ಇಡಿಯಾಗಿ ಹೊರಬರದಿದ್ದರೆ ಆ ವರ್ಷವನ್ನೇ ಮತ್ತೆ ಓದಬೇಕು.

ರಜೆಗೆ ಊರಿಗೆ ಬಂದೆ. ಹಾಸುಗಲ್ಲಿನ ಗಣಿಗಳ ತಾಂಡೂರಿನಲ್ಲಿ ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನು ಹೊಸ್ತಿಲು ದಾಟಿದ್ದಿಲ್ಲ. ಬಜಾರಿನಿಂದ ಎರಡು ಕೆರೆಮೀನಿನ ತಲೆ ತಂದು ನಾನು ಹೊರಗೇ ನಿಂತೆ. ಅಪ್ಪನ ತಾಯಿ, ನಮ್ಮ ಆಯಿ, ವಾಸನೆಯಿಂದಲೇ ತಿಳಿದಳು.

“ಚೀಲದಾಗ ಏನದು?”

“ಪರೀಕ್ಷಾಕ್ ಬೇಕು ಆಯಿ. ತಿನ್ನಾಕಲ್ಲ.”

“ತಿನ್ನಾಕಿದ್ರ ತಿಳೀತಿತ್ತು. ಸುಮ್ಮ ತಲಿ ಒಡ್ಯಾಕ ಅಷ್ಟು ದೂರ ಹೋಗಿ ಓದಬೇಕಾ?”

“ಅದರ ತಲ್ಯಾಗ ಕಲ್ಲು ಅವ.”

“ನಮ್ಮೂರಾಗ ಕಲ್ಲು ತೀರಿ ಹೋಗ್ಯಾವೇನು?”

ನಾನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ. ಆಯಿ ನನ್ನ ಕೊರಳತ್ತ ನೋಡಿದಳು.

“ಕೊರಳಾಗ ಲಿಂಗ ಅದಲ್ಲ. ತೆಗೀತಿ?”

“ತೆಗೀಬಾರದು ಅಂತ ನೀನೇ ಹೇಳೀದಿ.”

“ಹಂಗಾರ ಮೀನ ಬಿಡು.”

“ಅದೂ ಬಿಡಾಂಗಿಲ್ಲ.”

ಆಯಿ ಒಳಗೆ ಹೋದಳು. ಹಳೆಯ ಸೀರೆಯ ತುಂಡು ತಂದು ಮುಟ್ಟದಂತೆ ನನ್ನತ್ತ ಎಸೆದಳು. “ಎದಿಗೆ ಸುತ್ಕೋ. ಲಿಂಗದ ಮ್ಯಾಲ ಸಿಡಿಬಾರದು. ಜಳಕ ಮಾಡದ ಒಳಗ ಬರಬ್ಯಾಡ.” ಹಿತ್ತಲ ಗೋಡೆಗೆ ಒರಗಿಸಿದ್ದ ಒಡಕು ಹಾಸುಗಲ್ಲನ್ನು ತೋರಿಸಿ, “ಅದರ ಮ್ಯಾಲ ಇಟ್ಕೊಂಡು ಒಡಿ” ಅಂದಳು.

ಇದನ್ನು ಬರೆಯುವಾಗ, ಬೇವಿನ ನೆರಳಿನಲ್ಲಿ ಕುಳಿತೆ ಎಂದು ಮೊದಲು ಬರೆದಿದ್ದೆ. ನಮ್ಮ ಹಿತ್ತಲಲ್ಲಿ ಬೇವೇ ಇರಲಿಲ್ಲ. ಎಲ್ಲಿಂದ ಬಂತೋ. ಬಿಸಿಲಿತ್ತು, ನೊಣಗಳಿದ್ದವು, ಇಷ್ಟನ್ನು ನಂಬಬಹುದು.

ಮೊದಲ ತಲೆಯ ಎರಡೂ ಕಲ್ಲು ಪುಡಿಯಾದವು. ಎರಡನೆಯದಕ್ಕೆ ಬಂದಾಗ ಚಿಮುಟ ಕೆಳಗಿಟ್ಟೆ. ಎಲುಬನ್ನು ಅಗಲವಾಗಿ ಬಿಡಿಸಿ, ಒದ್ದೆ ಹತ್ತಿ ತಾಗಿಸಿ, ಉಸಿರು ಹಿಡಿದು ಎತ್ತಿದೆ. ಹತ್ತಿಯ ತುದಿಗೆ ಬಿಳಿಯದೊಂದು ಅಂಟಿಕೊಂಡು ಬಂತು. ಇಡಿಯಾಗಿ.

ಮೂಗಿಗೆ ಸೆರಗು ಒತ್ತಿಕೊಂಡು ಆಯಿ ಬಾಗಿಲಲ್ಲಿ ನಿಂತಿದ್ದಳು.

“ಬಂತೇನ?”

“ಒಂದು ಬಂತು.”

“ಪರೀಕ್ಷಾಕ್ ಎಷ್ಟು ಬೇಕಂದಿ?”

“ಜೋಡಿ.”

“ಮತ್ತ ಇನ್ನೊಂದು ತೆಗಿ. ಜಳಕದ ನೀರು ಕಾಯಾಕತ್ತಾವ.”

ತಲೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದೆ.